ಸೊಂಟದೆತ್ತರದ ಬಂಗುಡೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಬಂಟ್ವಾಳ ಪೇಟೆಯ ಹೊಸ ಮೀನು ಮಾರ್ಕೆಟಿನಲ್ಲಿ ನಾನು ಸೋತೆ.

ಹಳೆಯದನ್ನು ಕೆಡವಿ ಕಟ್ಟಿದ ಮಾರ್ಕೆಟ್ ಇದು. ಸೋರುವ ಶೀಟಿಲ್ಲ, ಕೆಸರಿಲ್ಲ. ಸೊಂಟದೆತ್ತರದ ಗ್ರಾನೈಟ್ ಕಟ್ಟೆಯ ಮೇಲೆ ಬಂಗುಡೆಯ ಬುಟ್ಟಿ, ಅದರ ಹಿಂದೆ ಮುಖ ಊದಿಸಿಕೊಂಡು ನಿಂತ ಗಿರಿಜಕ್ಕ. ನಾನು ಮೊದಲಿನಿಂದಲೂ ಮೀನು ಕೊಳ್ಳುವುದು ಇವರಿಂದಲೇ.

"ಒಳ್ಳೆದಾಯ್ತಲ್ಲ ಗಿರಿಜಕ್ಕ, ಇನ್ನು ನೆಲದಲ್ಲಿ ಕೂತ್ಕೊಳ್ಳುವುದು ಬೇಡ" ಎಂದೆ.

"ಎಂತ ಒಳ್ಳೆದು ಮಾರಾಯ್ರೆ? ಮೊದಲು ನೀವೆಲ್ಲ ಬಗ್ಗಿ ನಿಂತು ಚರ್ಚೆ ಮಾಡ್ತಿದ್ರಿ. ಸೊಂಟ ನೋಯ್ಲಿಕ್ಕೆ ಶುರುವಾದ ಕೂಡಲೇ ನಾನು ಹೇಳಿದ ರೇಟಿಗೆ ಒಪ್ತಿದ್ರಿ. ಈಗ ಎಲ್ಲರೂ ಕಟ್ಟೆಗೆ ಮೊಣಕೈ ಊರಿ ಮಧ್ಯಾಹ್ನದವರೆಗೆ ಚೌಕಾಸಿ ಮಾಡ್ತಾರೆ."

ನಾನು ನಕ್ಕೆ. ಹಾಗೆಲ್ಲ ಯಾರೂ ಮಾಡುವುದಿಲ್ಲ ಎಂದೆ. ಆಮೇಲೆ ನೋಡಿದರೆ ನನ್ನ ಎರಡೂ ಮೊಣಕೈ ಕಟ್ಟೆಯ ಮೇಲೆಯೇ ಇದ್ದವು.

ಆದರೂ ಬಿಡಲಿಲ್ಲ. ರೇಟು ಜಾಸ್ತಿಯಾಯಿತು ಎಂದೆ, ಮೀನು ಸಣ್ಣದೆಂದೆ, ಮೆಲ್ಕಾರಿನಲ್ಲಿ ಇದಕ್ಕಿಂತ ಕಡಿಮೆ ಎಂದೆ. ಗಿರಿಜಕ್ಕ ಬುಟ್ಟಿಯನ್ನು ಎತ್ತಿ, ಕಟ್ಟೆಯ ಈಚೆ ಬಂದು, ಹೊಸ ಟೈಲ್ಸಿನ ಮೇಲಿಟ್ಟು ತಾವೂ ಕೂತರು.

"ಈಗ ಮಾತಾಡುವ" ಎಂದರು.

ಬಗ್ಗಿದೆ. ಕಿವಿರು ಎತ್ತಿ ನೋಡಿದೆ. ಸ್ವಲ್ಪ ಹೊತ್ತು ಹಠ ಹಿಡಿದೆ. ಕೊನೆಗೆ ಸೊಂಟ ಹಿಡಿದುಕೊಂಡು ಅವರ ರೇಟಿಗೇ ಒಪ್ಪಿದೆ.

ಹೊರಡುವಾಗ ತಿರುಗಿ ನೋಡಿದರೆ ಅಕ್ಕಪಕ್ಕದವರೂ ಬುಟ್ಟಿ ಕೆಳಗಿಳಿಸುತ್ತಿದ್ದರು. ಗ್ರಾನೈಟ್ ಕಟ್ಟೆಯ ಮೇಲೆ ಉಳಿದದ್ದು ಅವರ ಊಟದ ಡಬ್ಬಿಗಳು ಮತ್ತು ನನ್ನ ಮೊಣಕೈ ಗುರುತು.