ಪಿಸ್ತೂಲಿಗೆ ಕಟ್ಟಿದ ಒಂದು ಕಿಲೋ

ಶೂಟಿಂಗ್ ರೇಂಜಿನ ಗೇಟಿನಲ್ಲಿ ನಮ್ಮ ಮುಂದಿದ್ದ ನಾಲ್ವರು ಪಿಸ್ತೂಲು ಪೆಟ್ಟಿಗೆ ಹಿಡಿದು ಸಲೀಸಾಗಿ ಒಳಗೆ ಹೋದರು. ಲೈಸೆನ್ಸ್ ತೋರಿಸಿದರು, ರಿಜಿಸ್ಟರಿನಲ್ಲಿ ಸಹಿ ಹಾಕಿದರು, ಮುಗಿಯಿತು. ವಾಚ್‌ಮನ್ ತಡೆದದ್ದು ನಮ್ಮ ಬಸವಣ್ಣೆಪ್ಪನವರ ಬಟ್ಟೆ ಚೀಲವನ್ನು. ಅದರೊಳಗೆ ಇದ್ದದ್ದು ಒಂದು ಕಿಲೋದ ಕಬ್ಬಿಣದ ತೂಕದ ಕಲ್ಲು.

ಇದು ಯಾತಕ್ಕೆ ಎಂದು ಅವನು ಹಿಂದಿಯಲ್ಲಿ ಕೇಳಿದ. ತೂಗಲಿಕ್ಕೆ ಎಂದರು ಬಸವಣ್ಣೆಪ್ಪ. ಏನನ್ನು? ಪಿಸ್ತೂಲನ್ನು. ವಾಚ್‌ಮನ್ ನನ್ನ ಮುಖ ನೋಡಿದ. ನಾನು ಪಕ್ಕದ ಮರ ನೋಡಿದೆ.

ಬಸವಣ್ಣೆಪ್ಪ ಯಾರು ಅಂತ ಹೇಳಿಬಿಡುತ್ತೇನೆ. ವಡಾಲದಲ್ಲಿ ನಮ್ಮ ಬಿಲ್ಡಿಂಗಿನ ಎದುರಿಗಿರುವ ಕಿರಾಣಿ ಅಂಗಡಿ ಅವರದು. ವಿಜಯಪುರ ಕಡೆಯವರು. ಹದಿನೆಂಟು ವರ್ಷದಿಂದ ನಮ್ಮ ಮನೆಯ ಅಕ್ಕಿ, ಬೇಳೆ, ಈರುಳ್ಳಿ ಎಲ್ಲ ಅಲ್ಲಿಂದಲೇ. ಅಂಗಡಿಯಲ್ಲಿ ಮಾತು ಕಡಿಮೆ, ತಗಾದೆ ಇನ್ನೂ ಕಡಿಮೆ. ಒಂದೇ ಒಂದು ಹೆಮ್ಮೆ: ತೂಕದಲ್ಲಿ ತಮ್ಮನ್ನು ಯಾರೂ ಬೆರಳು ಮಾಡಿ ತೋರಿಸಿಲ್ಲ ಅನ್ನುವುದು. (ಅದನ್ನು ಅವರು ವಾರಕ್ಕೊಮ್ಮೆಯಾದರೂ ಹೇಳುತ್ತಾರೆ. ಆಗ ಮಾತ್ರ ಮಾತು ಕಡಿಮೆ ಇರುವುದಿಲ್ಲ.)

ಅವರ ಮಗಳು ಅಕ್ಷತಾ. ಇಪ್ಪತ್ಮೂರು ವರ್ಷ. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು ಆಮೇಲೆ ಪಿಸ್ತೂಲಿಗೆ ಬಂದಳು. ಇಪ್ಪತ್ತೈದು ಮೀಟರ್ ದೂರದ ಗುರಿ, ಐದೈದು ಗುಂಡಿನ ಸರಣಿ. ಒಂದು ಗುಂಡು ಹಾರಿಸಿದ ಕೂಡಲೇ ಮುಂದಿನದು ತಾನಾಗಿ ಬಂದು ಕೂರುವ ಸೆಮಿ ಆಟೋಮ್ಯಾಟಿಕ್ ಪಿಸ್ತೂಲು ಅದಕ್ಕೆ ಬೇಕು. ಇಷ್ಟು ದಿನ ಕ್ಲಬ್ಬಿನ ಒಂದು ಪಿಸ್ತೂಲನ್ನು ಆರು ಜನ ಹಂಚಿಕೊಂಡು ಆಡುತ್ತಿದ್ದರು. ನಮ್ಮ ಹಳೆಯ ಚಾಳಿನಲ್ಲಿ ನಲ್ಲಿಯನ್ನು ಹಂಚಿಕೊಳ್ಳುತ್ತಿದ್ದ ಹಾಗೆ.

ಹೋದ ವರ್ಷ ಒಂದು ಘಟನೆ ಆಯಿತು. ಈ ಆಟದಲ್ಲಿ ಒಂದು ನಿಯಮವಿದೆ. ಟ್ರಿಗರ್ ತೀರಾ ಹಗುರಾಗಿರಬಾರದು. ಖಾಲಿ ಪಿಸ್ತೂಲಿನ ನಳಿಗೆಯನ್ನು ಮೇಲಕ್ಕೆ ಮಾಡಿ ಹಿಡಿದು, ಟ್ರಿಗರಿಗೆ ಒಂದು ಕಿಲೋ ತೂಕ ನೇತುಹಾಕಿ ಮೆಲ್ಲಗೆ ಎತ್ತುತ್ತಾರೆ. ತೂಕ ಮೇಜು ಬಿಟ್ಟು ಮೇಲೆದ್ದರೆ ಪಾಸ್. ಅದಕ್ಕೆ ಮೊದಲೇ ಟ್ರಿಗರ್ ಟಕ್ ಎಂದರೆ ಫೇಲ್. ಆಟಕ್ಕೆ ಮುಂಚೆಯೂ ನೋಡುತ್ತಾರೆ, ಆಟ ಮುಗಿದ ಮೇಲೆ ಯಾರನ್ನಾದರೂ ಆರಿಸಿ ಮತ್ತೊಮ್ಮೆ ನೋಡುತ್ತಾರೆ. ಅಕ್ಷತಾ ಚೆನ್ನಾಗಿ ಆಡಿದ ದಿನವೇ ಅವಳನ್ನು ಆರಿಸಿದರು. ಕ್ಲಬ್ಬಿನ ಪಿಸ್ತೂಲು ಟಕ್ ಎಂದಿತು. ಅಷ್ಟೂ ಪಾಯಿಂಟು ಹೋಯಿತು.

ಆ ಸಂಜೆ ಬಸವಣ್ಣೆಪ್ಪ ಅಂಗಡಿ ಮುಚ್ಚಿದ್ದರು. ಹದಿನೆಂಟು ವರ್ಷದಲ್ಲಿ ಮಳೆಗೂ ಬಂದ್‌ಗೂ ಮುಚ್ಚದ ಅಂಗಡಿ. ಬೇರೆ ಏನಾದರೂ ಕಾರಣ ಇದ್ದಿದ್ದರೆ ಅವರು ತಡೆದುಕೊಳ್ಳುತ್ತಿದ್ದರೋ ಏನೋ. ತಮ್ಮ ಮಗಳು ತೂಕದಲ್ಲಿ ಸಿಕ್ಕಿಬಿದ್ದಳು ಅನ್ನುವುದು ಅವರಿಗೆ ನುಂಗಲಾರದ ತುತ್ತಾಗಿತ್ತು.

ಹಾಗಾಗಿ ಈ ಸಲ, ರಾಜ್ಯ ತಂಡದ ಆಯ್ಕೆಯ ಟ್ರಯಲ್ಸ್‌ಗೆ ಮೂರು ವಾರ ಇರುವಾಗ, ಅವಳಿಗೇ ಒಂದು ಪಿಸ್ತೂಲು ನೋಡಲು ಹೊರಟೆವು. ಚೆಂಬೂರಿನ ಪ್ರಭು ಮಾಮ್ (ಕೊಂಕಣಿಯ ಮಾಮ, ಇಂಗ್ಲಿಷಿನ ಮೇಡಂ ಅಲ್ಲ) ತಮ್ಮದನ್ನು ಕೊಡುವವರಿದ್ದರು. ಉಡುಪಿ ಕಡೆಯವರು, ಬಂದರಿನ ಕೆಲಸದಿಂದ ನಿವೃತ್ತರು, ಕಣ್ಣಿನ ಆಪರೇಷನ್ ಆದ ಮೇಲೆ ಆಟ ಬಿಟ್ಟವರು. ಅಕ್ಷತಾಳ ಲೈಸೆನ್ಸ್ ಕೈಗೆ ಬಂದಿತ್ತು. ಒಪ್ಪಿಗೆಯಾದರೆ ಪೊಲೀಸ್ ಕಾಗದಪತ್ರ ಆಮೇಲೆ.

ನಾನು ಯಾಕೆ ಹೋದೆ? ಬಸವಣ್ಣೆಪ್ಪನವರೇ ಕರೆದರು. "ಅಕ್ಕಾರ, ನೀವೂ ಬರ್ರಿ. ನೀವು ಪೇಪರಿಗೆ ಬರಿಯೋರು. ನಾಲ್ಕ ಮಂದಿ ಮುಂದ ತೂಗಿದ್ದನ್ನ ನಾಳೆ ಯಾರೂ ಇಲ್ಲ ಅನ್ನಾಕ ಬರೂದಿಲ್ಲ." ಸಾಕ್ಷಿಯಾಗಿ ನಾನು, ಪ್ರಮಾಣವಾಗಿ ಅವರ ಕಲ್ಲು.

ರೇಂಜಿನೊಳಗೆ ಪ್ರಭು ಮಾಮ್ ಮೇಜಿನ ಮೇಲೆ ತೆಗೆದಿಟ್ಟ ಪಿಸ್ತೂಲು ನೋಡಿ ನನಗೆ ಮೊದಲು ನಿರಾಸೆಯಾಯಿತು. ಸಿನಿಮಾದಲ್ಲಿ ಕಾಣುವ ಠೀವಿ ಇಲ್ಲ. ಹಿಡಿಯ ಜಾಗದಲ್ಲಿ ದೊಡ್ಡ ಮರದ ತುಂಡು, ಅದರಲ್ಲಿ ಅಂಗೈ, ಹೆಬ್ಬೆರಳು ಕೂರುವಂತೆ ಹಳ್ಳ ದಿಣ್ಣೆ. ಹೊಲಿಗೆ ಮೆಷಿನ್ನಿನ ಯಾವುದೋ ಬಿಡಿಭಾಗದ ಹಾಗಿತ್ತು. ಯುರೋಪಿನಲ್ಲಿ ತಯಾರಾದದ್ದು, ಆಟದವರ ನಡುವೆ ಹೆಸರು ಮಾಡಿದ್ದು ಎಂದರು ಪ್ರಭು ಮಾಮ್.

ಅಕ್ಷತಾ ಅದನ್ನು ಪರೀಕ್ಷಿಸಿದ ರೀತಿ ನೋಡಬೇಕಿತ್ತು. ಮೊದಲು ಗುಂಡೇ ಇಲ್ಲ. ಕಣ್ಣು ಮುಚ್ಚಿ ಕೈ ಎತ್ತಿದಳು, ಕಣ್ಣು ತೆರೆದು ಗುರಿ ಹಿಡಿಯುವ ಸೈಟ್ ನೋಡಿದಳು. ಮತ್ತೆ ಕೆಳಗೆ. ಮತ್ತೆ ಮೇಲೆ. ಹತ್ತು ಸಲ ಹೀಗೆ. ಕಣ್ಣು ತೆರೆದಾಗ ನಳಿಗೆಯ ತುದಿಯ ಸೈಟ್ ತಾನಾಗಿಯೇ ಹಿಂದಿನದರ ಸೀಳಿನ ನಡುವಿಗೆ ಬಂದಿರಬೇಕಂತೆ. ಬಂದಿರಲಿಲ್ಲ. ಪ್ರಭು ಮಾಮ್ ಅವರದು ದೊಡ್ಡ ಕೈ, ಇವಳದು ಸಣ್ಣದು. ಹಿಡಿಯಲ್ಲಿ ಒಂದು ಕಡೆ ಮರ ಕೆತ್ತಬೇಕು, ಇನ್ನೊಂದು ಕಡೆ ಪುಟ್ಟಿ ತುಂಬಬೇಕು ಎಂದು ಪೆನ್ಸಿಲಿನಿಂದ ಗುರುತು ಹಾಕಿದಳು.

ಆಮೇಲೆ ಗುಂಡು. ಎರಡು ಬಗೆಯ ಗುಂಡು ತಂದಿದ್ದಳು, ಒಂದೊಂದರಲ್ಲಿ ಇಪ್ಪತ್ತೈದು. ಕಡಿಮೆ ದರ್ಜೆಯದರಲ್ಲಿ ಒಂದು ಸಲ ಗುಂಡು ಪಿಸ್ತೂಲಿನೊಳಗೆ ಸಿಕ್ಕಿಕೊಂಡಿತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಇನ್ನೊಂದರಲ್ಲಿ ಒಂದೂ ಸಿಕ್ಕಿಕೊಳ್ಳಲಿಲ್ಲ. ಕೊನೆಯ ಐದು ತೂತುಗಳ ಮೇಲೆ ಒಂದು ಟೀ ಗ್ಲಾಸು ಬೋರಲು ಹಾಕಿದರೆ ಎಲ್ಲವೂ ಮುಚ್ಚಿಹೋಗುತ್ತಿದ್ದವು. "ಕಿಕ್ ಕಮ್ಮಿ ಇದೆ ಮಾಮ್, ಹಾಥ್ ವಾಪಸ್ ಜಲ್ದಿ ಬರತದ," ಎಂದಳು. ಅವಳ ಕನ್ನಡ ಹೀಗೆಯೇ, ಮೂರು ಸ್ಟೇಷನ್ನಿನಲ್ಲಿ ನಿಂತು ಬರುತ್ತದೆ.

ಈಗ ಬಸವಣ್ಣೆಪ್ಪನವರ ಸರದಿ.

ಚೀಲದಿಂದ ಕಲ್ಲು ತೆಗೆದರು. ಆರು ಮೂಲೆಯ ಕಲ್ಲು, ಅಂಗಿಯ ಗುಂಡಿಯಂತೆ ಹೊಳೆಯುವ ಕಪ್ಪು ಪೇಂಟು. ಅದಕ್ಕೆ ತಂತಿ ಸುತ್ತಿ ಕೊಕ್ಕೆ ಮಾಡಿದ್ದರು. ತಂತಿಯ ತೂಕ ಧರ್ಮಕ್ಕೆ ಎಂದರು. ಪ್ರಭು ಮಾಮ್ ಪಿಸ್ತೂಲು ಖಾಲಿ ಇದೆಯೆಂದು ಎರಡು ಸಲ ತೋರಿಸಿ ನಳಿಗೆ ಮೇಲೆ ಮಾಡಿ ಹಿಡಿದರು. ಕೊಕ್ಕೆ ಸಿಕ್ಕಿಸಿದರು. ಎತ್ತಿದರು. ಕಲ್ಲು ಮೇಜು ಬಿಟ್ಟು ಎದ್ದಿತು, ಟ್ರಿಗರ್ ಅಲುಗಲಿಲ್ಲ. ಐದು ಸಲ ಮಾಡಿದರು, ಐದು ಸಲವೂ ಪಾಸ್. ಬಸವಣ್ಣೆಪ್ಪ ನನ್ನ ಕಡೆ ನೋಡಿದರು. ಸಾಕ್ಷಿ ತಲೆಯಾಡಿಸಿತು.

ಅಲ್ಲಿಗೆ ಮುಗಿಸಿ ಎದ್ದಿದ್ದರೆ ಈ ವಾರ ನಾನು ಬೇರೆ ಏನಾದರೂ ಬರೆಯುತ್ತಿದ್ದೆ. ಆದರೆ ಅಕ್ಷತಾ ರೇಂಜಿನ ಕಚೇರಿಯಿಂದ ಅವರ ತೂಕ ತಂದಳು. ಹಿತ್ತಾಳೆಯದು, ಪುಟ್ಟ ಪೆಟ್ಟಿಗೆಯಲ್ಲಿತ್ತು. ನೇತುಹಾಕಿದರು. ಎತ್ತುವಷ್ಟರಲ್ಲಿ ಟಕ್. ಎರಡನೇ ಸಲ ಟಕ್. ಮೂರನೇ ಸಲವೂ ಅದೇ.

ಬಸವಣ್ಣೆಪ್ಪನವರ ಮುಖ ಕೆಂಪಾಯಿತು. ರೇಂಜಿನ ತೂಕವೇ ಸುಳ್ಳು ಎಂದರು. ಯಾರೋ ಬೇಕೆಂದೇ ಭಾರ ಮಾಡಿದ್ದಾರೆ, ಹೋದ ವರ್ಷವೂ ಇದೇ ಆಗಿರಬೇಕು, ನನ್ನ ಕಲ್ಲಿಗೆ ಯಾರ ಹೆದರಿಕೆಯೂ ಇಲ್ಲ ಎಂದು ಅವರ ದನಿ ಏರುತ್ತಾ ಹೋಯಿತು. ಪಕ್ಕದಲ್ಲಿ ಗುರಿ ಹಿಡಿದು ನಿಂತಿದ್ದವರು ಪಿಸ್ತೂಲು ಇಳಿಸಿ ನಮ್ಮ ಕಡೆ ನೋಡಿದರು. ರೇಂಜಿನ ತೂಕದ ಮೇಲೆ ನನಗೂ ಅನುಮಾನ ಬಂದಿತ್ತು ಅನ್ನಿ. ಹದಿನೆಂಟು ವರ್ಷದ ಗಿರಾಕಿ ನಾನು, ಯಾವ ಪಕ್ಷ ಹಿಡಿಯಬೇಕು?

ಪಿಸ್ತೂಲು ತೂಗಲು ಅದೇ ಮೇಜಿನ ಮೇಲೆ ಡಿಜಿಟಲ್ ಕಾಟಾ ಇತ್ತು. ಅಕ್ಷತಾ ಅದರ ಮೇಲೆ ಹಿತ್ತಾಳೆಯದನ್ನು ಇಟ್ಟಳು. ಸರಿಯಾಗಿ ಸಾವಿರ. ಅದನ್ನು ತೆಗೆದು ಅಪ್ಪನ ಕಲ್ಲು ಇಟ್ಟಳು. ಒಂಬೈನೂರ ಎಂಬತ್ತೇಳು. ತಂತಿ ಸೇರಿ.

ಪ್ರಭು ಮಾಮ್ ಸಮಾಧಾನದ ಮನುಷ್ಯ. "ನನ್ನದೂ ತಪ್ಪುಂಟು ಮಾರಾಯ್ರೆ. ಎರಡು ವರ್ಷ ಆಡ್ಲಿಲ್ಲ, ಸ್ಪ್ರಿಂಗ್ ಸಡಿಲ ಆಗಿದೆ," ಎಂದು ಸ್ಕ್ರೂ ತಿರುಗಿಸಲು ಕೂತರು. ಅವರಿಗೆ ಅದು ಬರೀ ಸ್ಕ್ರೂ. ಬಸವಣ್ಣೆಪ್ಪನವರ ಹತ್ತಿರ ತಿರುಗಿಸಲು ಯಾವ ಸ್ಕ್ರೂ ಇತ್ತು?

ಅವರು ಕಲ್ಲನ್ನು ಮಗುಚಿ ನೋಡಿದರು. ಸರಕಾರಿ ಮುದ್ರೆಯ ಜಾಗ ನುಣ್ಣಗಾಗಿ ಹೋಗಿತ್ತು. ಆಗ ಅವರಿಗೇ ಹೊಳೆಯಿತು. ವಡಾಲದ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಪ್ರತಿ ದೀಪಾವಳಿಗೆ, ಲಕ್ಷ್ಮೀಪೂಜೆಗೆ ತಕ್ಕಡಿ, ಕಲ್ಲು ಇಡುವ ಮುಂಚೆ, ಬಸವಣ್ಣೆಪ್ಪ ಪಾಲಿಶ್ ಪೇಪರ್ ಹಿಡಿದು ಕೂತು ಕಲ್ಲನ್ನು ಹೊಳೆಯುವ ತನಕ ಉಜ್ಜುತ್ತಿದ್ದರು. ಆಮೇಲೆ ಹೊಸ ಪೇಂಟು, ಕುಂಕುಮ, ಹೂವು. ಮುಂದಿನ ವರ್ಷ ಮತ್ತೆ ಉಜ್ಜು. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಅದಕ್ಕೆ ಮಾತ್ರ ಮುದ್ರೆ ಹಾಕಿಸುತ್ತಿದ್ದರು. ಕಲ್ಲನ್ನು ಒಯ್ಯುವುದು ಬಿಟ್ಟುಹೋಗಿತ್ತು. ಪೂಜೆ ಮಾತ್ರ ತಪ್ಪಿರಲಿಲ್ಲ.

ಕಲ್ಲು ಪೂಜೆಗಷ್ಟೇ ಇದ್ದಿದ್ದರೆ ಚಿಂತೆಯಿರಲಿಲ್ಲ. ಈರುಳ್ಳಿ, ಬಟಾಟೆಯ ಮಣ್ಣು ಬಿದ್ದು ಮೆಷಿನ್ ಹಾಳಾಗುತ್ತದೆ ಎಂದು ಅವೆರಡನ್ನೂ ಅವರು ಹೊರಗಿನ ಹಳೆಯ ತಕ್ಕಡಿಯಲ್ಲೇ ತೂಗುತ್ತಿದ್ದರು. ಈ ಕಲ್ಲಿನಿಂದ.

ಅವರು ಇನ್ನೊಮ್ಮೆ ವಾದ ಎತ್ತಲು ನೋಡಿದರು. ಕಾಟಾ ಕೂಡ ಸುಳ್ಳಿರಬಹುದಲ್ಲ ಎಂದು ಶುರು ಮಾಡಿದರು, ಆದರೆ ದನಿ ಮೊದಲಿನದಾಗಿರಲಿಲ್ಲ. ಆಗ ಅಕ್ಷತಾ ಅವರ ಕೈಯಿಂದ ಕಲ್ಲು ತೆಗೆದುಕೊಂಡಳು.

"ಪಪ್ಪಾ, ಮ್ಯಾಚ್‌ನಾಗ ನಿಮ್ಮ ಕಲ್ಲು ಇರೂದಿಲ್ಲ. ಅವರದ ಇರತದ."

ಅವಳಿಗೆ ಅಳು ಬಂದಿತ್ತು. ಅಪ್ಪನನ್ನು ಎಲ್ಲರೆದುರು ಕಡಿಮೆ ಮಾಡಬೇಕಾಯಿತಲ್ಲ ಎಂದು. ಆದರೆ ಅವಳು ಅಪ್ಪನ ಮಾತು ನಂಬಿ ಎದ್ದಿದ್ದರೆ ಮೂರು ವಾರದ ಮೇಲೆ ಮತ್ತೆ ಅದೇ ಟಕ್ ಕೇಳಬೇಕಿತ್ತು. (ನನ್ನ ಮನಸ್ಸಿನ ಮೂಲೆಯಲ್ಲಿ ಹದಿನೆಂಟು ವರ್ಷದ ಈರುಳ್ಳಿ ಲೆಕ್ಕವೂ ಓಡಿತು ಎಂದು ಒಪ್ಪಿಕೊಳ್ಳದಿದ್ದರೆ ನಾನೂ ತೂಕದಲ್ಲಿ ಮೋಸ ಮಾಡಿದಂತೆ.)

ಸ್ಕ್ರೂ ಬಿಗಿ ಮಾಡಿದ ಮೇಲೆ ಹಿತ್ತಾಳೆಯ ತೂಕ ಸಲೀಸಾಗಿ ಎದ್ದಿತು. ಅಕ್ಷತಾ ಮತ್ತೆ ಇಪ್ಪತ್ತು ಗುಂಡು ಹಾರಿಸಿ ನೋಡಿದಳು. ಬೆರಳಿಗೆ ಸ್ವಲ್ಪ ಗಟ್ಟಿ, ಅಭ್ಯಾಸವಾಗುತ್ತದೆ ಎಂದಳು. ಅದೇ ಪಿಸ್ತೂಲು ಎಂದು ತೀರ್ಮಾನವಾಯಿತು.

ಹಿಂತಿರುಗುವಾಗ ಲೋಕಲ್‌ನಲ್ಲಿ ಬಸವಣ್ಣೆಪ್ಪ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನಾನು ಯಾವ ವಿಷಯ ತೆಗೆದರೂ ಹ್ಞೂಂ ಅಷ್ಟೇ. ವಡಾಲದಲ್ಲಿ ಇಳಿಯುವಾಗ ಅವರಾಗಿಯೇ ಮಾತಾಡಿದರು. "ಇದನ್ನ ಬರೀರಿ ಅಕ್ಕಾರ. ಹೆಸರು ಬೇಕಾದ್ರ ಬದಲ ಮಾಡ್ರಿ. ಗ್ರಾಂ ಬದಲ ಮಾಡಬ್ಯಾಡ್ರಿ." ಹೆಸರು ಬದಲಿಸಿದ್ದೇನೆ.

ಮರುದಿನ ಹೊರಗಿನ ತಕ್ಕಡಿ ಇರಲಿಲ್ಲ. ಈರುಳ್ಳಿಯೂ ಮೆಷಿನ್ ಮೇಲೆ ಬಂತು, ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ. ಯಾರಿಗೂ ಏನೂ ಹೇಳಲಿಲ್ಲ. ತೂಗಿಯಾದ ಮೇಲೆ ಎಲ್ಲರ ಚೀಲಕ್ಕೂ ಒಂದು ಈರುಳ್ಳಿ ಮೇಲೆ ಹಾಕುತ್ತಿದ್ದರು. ಕಾರಣ ನನಗೆ ಗೊತ್ತು, ಅವರಿಗೆ ಗೊತ್ತು. ಈಗ ನಿಮಗೂ.

ಟ್ರಯಲ್ಸ್ ಆಯಿತು. ಆಟಕ್ಕೆ ಮುಂಚೆ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ತೂಕ ಎದ್ದಿತು. ಆಟದ ನಂತರ ಅವಳನ್ನು ಮತ್ತೆ ಆರಿಸಿದರು, ಆಗಲೂ ಎದ್ದಿತು. ತಂಡದ ಕೊನೆಯ ಜಾಗ ಅವಳಿಗೆ ಸಿಕ್ಕಿತು. ಫೋನಿನಲ್ಲಿ ಬಸವಣ್ಣೆಪ್ಪ ಪಾಯಿಂಟು ಎಷ್ಟು ಎಂದು ಕೇಳಲಿಲ್ಲವಂತೆ. ತೂಕ ಎದ್ದಿತಾ ಎಂದಷ್ಟೇ ಕೇಳಿದರಂತೆ.

ಮೊನ್ನೆ ಅಲ್ಲಿಂದ ತಂದ ಈರುಳ್ಳಿಯನ್ನು ಸುಮ್ಮನೆ ಮನೆಯ ಕಾಟಾದಲ್ಲಿ ಇಟ್ಟು ನೋಡಿದೆ. ಒಂದು ಕಿಲೋ ತೊಂಬತ್ತು ಗ್ರಾಂ ಇತ್ತು. ಅವರ ಹದಿಮೂರು ಗ್ರಾಂ ಸುದ್ದಿಯನ್ನು ಇಷ್ಟುದ್ದ ಬರೆದ ನಾನು, ಈ ತೊಂಬತ್ತು ಗ್ರಾಂ ಹಿಡಿದುಕೊಂಡು ಅಂಗಡಿಗೆ ವಾಪಸ್ ಹೋದೆನೇ?