ತೌಡು ಕೊಟ್ಟು ತಂದ ಮೊಮ್ಮಗಳು

ಕೇಳಿರವ್ವಾ, ಇವತ್ತು ಬೆಳಗ್ಗೆ ನಮ್ಮ ಒಲೆಯಲ್ಲಿ ರೊಟ್ಟಿಗಿಂತ ಮೊದಲು ಸೌಟು ಕಾಯಿತು.

ಮೊಮ್ಮಗಳು ನೀಲಾ ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದಳು. ತಮ್ಮ ಹುಟ್ಟಿದ ಮೇಲೆ ಮತ್ತೆ ಶುರುವಾಗಿದೆ. ಅಂಗಳದಲ್ಲಿ ಹರವಿದ್ದ ಹಸಿ ಕೌದಿ ನೋಡಿ ಪಕ್ಕದ ಮನೆಯ ಗಂಗವ್ವ ನೇರ ಅಡುಗೆಮನೆಗೇ ಬಂದಳು.

"ತೊಡಿಗೆ ಒಂದ ಬರಿ ಕೊಡ್ರಿ, ಈ ಚಟಾ ಹೆಂಗ ಬಿಡೂದಿಲ್ಲ ನೋಡೂಣು" ಎಂದು ತಾನೇ ಕಬ್ಬಿಣದ ಸೌಟನ್ನು ಕೆಂಡಕ್ಕಿಟ್ಟಳು.

ಬಾಣಂತಿ ಸೊಸೆ, "ಬರೇ ಅಂಜಸ್ರಿ, ಮುಟ್ಟಸಬ್ಯಾಡ್ರಿ" ಎಂದು ಅಳತೊಡಗಿದಳು.

ನಾನು ಸೌಟು ಕಸಿದು ಬಕೆಟ್ಟಿನ ನೀರಿಗೆ ಅದ್ದಿದೆ. ಚುಂಯ್ ಎಂದ ಸಪ್ಪಳಕ್ಕೆ ನೀಲಾ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನನ್ನ ಸೀರೆ ಹಿಡಿದಳು.

"ಆಯಿ, ನನ್ನ ಹೊಳ್ಳಿ ಕೊಡಬ್ಯಾಡ!"

"ಯಾರಿಗೆ ಕೊಡೂದವ್ವಾ?"

"ಬೈಲಹೊಂಗಲದಾಗ ತೌಡ ಮಾರಾಕಿಗೆ. ನನ್ನ ತೌಡ ಕೊಟ್ಟ ತಂದೀರಂತ. ಈಗ ಖರೇ ಮಗಾ ಬಂದಾನಂತ. ರಾತ್ರಿ ಎದ್ದ ಹೊರಗ ಹ್ವಾದ್ರ ಅಕಿ ಹಿಡಕೊಂಡ ಹೋಗತಾಳ."

"ಯಾರ ಹೇಳಿದ್ರು?"

ಪುಟ್ಟ ಬೆರಳು ಗಂಗವ್ವನನ್ನು ತೋರಿಸಿತು.

"ಅಯ್ಯ, ಚಾಷ್ಟಿಗಿ ಅಂದಿನ್ರಿ! ಎಲ್ಲಾ ಹುಡುಗೂರಿಗೂ ಅಂತಾರಲ್ಲ."

"ಬರಿ ಕೊಡೂದು ನಿನ್ನ ನಾಲಿಗಿಗೆ ಇತ್ತು. ಗಡಿಬಿಡಿಯೊಳಗ ಸೌಟ ಆರಿಸಿಬಿಟ್ಟೆ ನೋಡು!" ಎಂದೆ. ಅವಳು ಚಪ್ಪಲಿಯನ್ನೂ ಮೆಟ್ಟದೆ ಹೋದಳು.

ಇವತ್ತಿನಿಂದ ನೀಲಾ ನನ್ನ ಮಗ್ಗುಲಲ್ಲಿ ಮಲಗುತ್ತಾಳೆ. ಕೌದಿ ತೊಯ್ದರೆ ಒಗೆದು ಅಂಗಳದಲ್ಲೇ ಹರವುತ್ತೇನೆ. ನೋಡುವವರು ಹೊರಗೆ ನಿಂತೇ ನೋಡಲಿ. ನಮ್ಮ ಸೌಟು ಸಾರು ಬಡಿಸುವುದಕ್ಕಿದೆ.