ಅಕ್ಕ ಮಾಡಿದ ನನ್ನ ಬುರುಡೆ

ಆಸ್ಪತ್ರೆಯಲ್ಲಿ ನನ್ನ ಅಕ್ಕನಿಗೆ ಬುರುಡೆಯಕ್ಕ ಎಂದೇ ಹೆಸರು. ಮೊದಲು ಹಲ್ಲಿನ ಡಾಕ್ಟರ ಹತ್ತಿರ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದವಳು, ಆಮೇಲೆ ಈ ದೊಡ್ಡ ಆಸ್ಪತ್ರೆ ಸೇರಿದಳು. ಅಲ್ಲಿನ ನೆಲಮಾಳಿಗೆಯಲ್ಲಿ ಒಂದು ಪ್ರಿಂಟರ್ ಇದೆ. ರೋಗಿಯ ಸ್ಕ್ಯಾನ್ ಕೊಟ್ಟರೆ ಅದು ಪದರದ ಮೇಲೆ ಪದರ ಕೂರಿಸುತ್ತಾ ಅದೇ ತಲೆಬುರುಡೆಯ ಮಾದರಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿ ಗ್ರಂಥಿ ಇರುವುದು ಮೂಗಿನ ಹಿಂದೆ, ಮಿದುಳಿನ ಅಡಿಯಲ್ಲಿ; ಗಾತ್ರ ಕಡಲೆಕಾಳಿನಷ್ಟು. ಅದರ ಎರಡೂ ಪಕ್ಕದಲ್ಲಿ ಮಿದುಳಿಗೆ ರಕ್ತ ಒಯ್ಯುವ ನಾಳಗಳು, ಅವುಗಳ ಮೇಲೆ ತೆಳು ಮೂಳೆಯ ಹೊದಿಕೆ. ಅಲ್ಲಿ ಗೆಡ್ಡೆ ಬೆಳೆದರೆ ಮೂಗಿನೊಳಗಿಂದ ಹೋಗಿ ತೆಗೆಯಬೇಕು. ಸರ್ಜನ್‌ಗಳು ಕೈ ಪಳಗಿಸಿಕೊಳ್ಳುವುದು ಅಕ್ಕನ ಬುರುಡೆಗಳ ಮೇಲೆ. ನಾಳದ ಜಾಗದಲ್ಲಿ ಅವಳು ಮೆತ್ತನೆಯ ಕೊಳವೆ ಕೂರಿಸಿ, ಕೆಂಪು ನೀರು ತುಂಬಿ, ಪಂಪು ಹಚ್ಚುತ್ತಾಳೆ. ಕೈ ತಪ್ಪಿತೋ, ಡಾಕ್ಟರ ಬಿಳಿ ಕೋಟು ಕೆಟ್ಟಿತು.

"ಇಲ್ಲಿ ಕೋಟು ಹಾಳಾದ್ರೆ ಒಗೀಬಹುದು," ಎನ್ನುತ್ತಾಳೆ ಅಕ್ಕ.

ನಾನು ಹೊಲಿಗೆಯವಳು. ಮೆಲ್ಲಮೆಲ್ಲಗೆ ನನಗೆ ಪಕ್ಕದ್ದು ಕಾಣದಾಯಿತು. ಎದುರಿನ ಸೂಜಿ ಕಾಣುತ್ತಿತ್ತು, ಪಕ್ಕದಲ್ಲಿ ನಿಂತ ಆಳು ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದೆ. ಪಕ್ಕದಲ್ಲೇ ಹಾದುಹೋದವರನ್ನು ಮಾತಾಡಿಸುವುದಿಲ್ಲವೆಂದು, "ಇವಳಿಗೆ ಕಣ್ಣು ನೆತ್ತಿಗೇರಿದೆ" ಎಂದು ಓಣಿಯವರು ಆಡಿಕೊಂಡರು. ನಾಲಿಗೆ ನನಗೂ ಇದೆ, ನಾನೇನು ಸುಮ್ಮನಿರಲಿಲ್ಲ. ಕೊನೆಗೆ ಅಕ್ಕನೇ ಎಳೆದೊಯ್ದು ಸ್ಕ್ಯಾನ್ ಮಾಡಿಸಿದಳು. ನನಗೂ ಆ ಗ್ರಂಥಿಯಲ್ಲೇ ಗೆಡ್ಡೆ ಬೆಳೆದು ಕಣ್ಣಿನ ನರಗಳನ್ನು ಒತ್ತುತ್ತಿತ್ತು. ಹಾಗೇ ಬಿಟ್ಟರೆ ಎದುರಿನದ್ದೂ ಕಾಣದಾಗುತ್ತದೆ ಎಂದರು ಡಾಕ್ಟರು.

ಆಪರೇಷನ್ ಮಾಡಬೇಕಾದ ಡಾಕ್ಟರಮ್ಮ ಅಕ್ಕನ ಬುರುಡೆಗಳ ಮೇಲೆಯೇ ಕಲಿತವರು. ಮೊದಲು ಅಭ್ಯಾಸಕ್ಕೆ ನನ್ನದೇ ಬುರುಡೆ ಬೇಕೆಂದರು. ಅಕ್ಕ ಮಾಡಿಕೊಟ್ಟಳು. ಡಾಕ್ಟರಮ್ಮ ಅದರ ಮೂಗಿಗೆ ಕ್ಯಾಮೆರಾದ ನಳಿಕೆ ತೂರಿಸಿ, ಗೆಡ್ಡೆಯ ಬದಲು ಇಟ್ಟಿದ್ದ ಜೆಲ್ಲಿಯನ್ನು ಕೆರೆದು ತೆಗೆದರು. ಒಂದು ಹನಿ ಕೆಂಪೂ ಬರಲಿಲ್ಲ. ನಾನು ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ.

"ನೀರು ಕುಡಿದಷ್ಟು ಸುಲಭ ಇದೆ ಬಿಡಿ," ಎಂದರು ಡಾಕ್ಟರಮ್ಮ.

ಅಕ್ಕ ಪಂಪು ನಿಲ್ಲಿಸಿದಳು. "ಡಾಕ್ಟ್ರೇ, ನಾನೊಂದು ತಪ್ಪು ಮಾಡಿದೀನಿ. ಎಡಗಡೆ ನಾಳದ ಮೇಲೆ ಇವಳಿಗೆ ಒಂದ್ಕಡೆ ಮೂಳೆನೇ ಇಲ್ಲ. ನನ್ನ ತಂಗಿ ತಲೆಯಲ್ಲಿ ಆ ತೂತು ನೋಡೋಕಾಗ್ಲಿಲ್ಲ. ಮುಚ್ಚಿಬಿಟ್ಟೆ."

ಡಾಕ್ಟರಮ್ಮ ಕೈಗವಸು ಕಳಚಿ ಕೂತರು. "ಸ್ಕ್ಯಾನ್ ನೋಡ್ದಾಗ ನಂಗೂ ಅನುಮಾನ ಬಂದಿತ್ತು ಅಕ್ಕಾ. ನಿಮ್ಮ ಬುರುಡೆ ನೋಡಿ, ಮೂಳೆ ಇದೆ ಅಂದ್ಕೊಂಡೆ. ನಿಮ್ಮನ್ನ ಅಷ್ಟು ನಂಬ್ತೀನಿ ನಾನು."

ಅದರ ಬದಲು ನಾಲ್ಕು ಬೈಗುಳ ಬೈದಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ನನಗೆ ತಡೆಯಲಾಗಲಿಲ್ಲ.

"ಊರವರಿಗೆಲ್ಲ ಇದ್ದಿದ್ದು ಇದ್ದ ಹಾಗೆ, ನಂಗೆ ಮಾತ್ರ ತೇಪೆನಾ? ತೇಪೆ ಹಾಕೋದು ನನ್ನ ಕೆಲ್ಸ ಕಣೇ ಅಕ್ಕಾ!"

ಅವಳು ನಗುತ್ತಲೇ ಅತ್ತಳು. ಆ ಒಂದು ತಪ್ಪನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ನಾನು ಜೀವಮಾನವಿಡೀ ಕೈಮುಗಿದರೂ ಕಡಿಮೆಯೇ.

ಅಕ್ಕ ಮತ್ತೆ ಮಾಡಿದಳು, ತೂತು ಇದ್ದ ಹಾಗೆಯೇ. ಡಾಕ್ಟರಮ್ಮನ ಕೈ ಎಡಕ್ಕೆ ಕೂದಲೆಳೆಯಷ್ಟು ಸರಿದದ್ದೇ ತಡ, ಕೆಂಪು ನೀರು ಚಿಮ್ಮಿತು. ಅದು ನನ್ನ ತಲೆ. ಅಕ್ಕ ನೆಲ ಒರೆಸಿ ಇನ್ನೊಂದು ಮಾಡಿದಳು, ಮತ್ತೊಂದು ಮಾಡಿದಳು. ಡಾಕ್ಟರಮ್ಮ ಎಡಗಡೆ ಕೈ ತಿರುಗಿಸುವ ರೀತಿಯನ್ನೇ ಬದಲಿಸಿಕೊಂಡರು. ಕೆಂಪು ಬರುವುದು ಪೂರಾ ನಿಂತ ಮೇಲೆಯೇ ನನ್ನನ್ನು ಟೇಬಲ್ ಹತ್ತಿಸಿದ್ದು.

ಆಪರೇಷನ್ ಆದ ಮೇಲೆ ಮೂಗಿನ ತುಂಬ ಹತ್ತಿ, ಬಾಯಲ್ಲೇ ಉಸಿರಾಟ. ಅಲುಗಾಡದೆ ಮಲಗಲು ಹೇಳಿದ್ದರು. ಒಂದು ಬೆಳಿಗ್ಗೆ ಮೇಲಿನ ಫ್ಯಾನು ನೋಡುತ್ತಾ ಮಲಗಿದ್ದೆ. ಎಡಪಕ್ಕದಲ್ಲಿ ಏನೋ ನೀಲಿ ಅಲುಗಿತು. ಅಕ್ಕನ ಕೆಲಸದ ಕೋಟು. ನನಗೆ ಆ ಕಡೆ ಕಾಣುವುದಿಲ್ಲವೆಂಬ ಧೈರ್ಯದಲ್ಲಿ ಅವಳು ಸದ್ದಿಲ್ಲದೆ ಅಳುತ್ತಿದ್ದಳು.

"ಅಕ್ಕಾ, ಕೋಟಲ್ಲಿ ಮೂಗು ಒರೆಸ್ಕೋಬೇಡ," ಎಂದೆ. "ಎಲ್ಲಾ ಕಾಣ್ತಾ ಇದೆ."